ಆಯೇಶಾಳ ಬೆನ್ನ ಮೇಲೊಂದು ಖೋ

ಅವ್ವಾ,

ನೀನು ಓದಲಾರೆ, ಗೊತ್ತು. ಆದರೂ ಇವತ್ತಿನ ಸುದ್ದಿ ನಿನಗೆ ಹೇಳದೆ ನನಗೆ ಸಮಾಧಾನವಿಲ್ಲ.

ನೀನು ತೀರಿಕೊಂಡ ಮೇಲೆ ನಿನ್ನ ಮೊಮ್ಮಗಳು ಶಿವಗಂಗಾ ಯಾರನ್ನೂ ಮುಟ್ಟಿರಲಿಲ್ಲ, ನನ್ನನ್ನೂ. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಮಾತೂ ಅಪರೂಪವಾಗಿತ್ತು. ಈ ವರ್ಷ ಅವಳನ್ನು ಜೇವರ್ಗಿಯ ಶಾಲೆಗೆ ಹಾಕಿದೆ. ಅಲ್ಲಿ ಅವಳಂಥ ಮಕ್ಕಳನ್ನೂ ಉಳಿದವರ ಜೊತೆಗೇ ಆಟಕ್ಕೆ ಬಿಡುತ್ತಾರೆ.

ಆಟದ ಮಾಸ್ತರು ಶರಫುದ್ದೀನ್ ಅವಳನ್ನು ಖೋ ಖೋ ಸಾಲಿನಲ್ಲಿ ಕೂರಿಸಿದಾಗ ನಾನು ಬೇಡವೆಂದೆ. ಖೋ ಕೊಡಬೇಕಾದರೆ ಕುಳಿತವಳ ಬೆನ್ನು ಮುಟ್ಟಬೇಕು, ಬಾಯಿಬಿಟ್ಟು ಕೂಗಬೇಕು.

"ಗಡಬಡಿ ಬ್ಯಾಡ್ರಿ ಅಕ್ಕಾರ. ಆಕಿ ಮೊದ್ಲ ಸುಮ್ನ ಕುಂದ್ರಲಿ. ಉಳದದ್ದು ಹುಡಿಗ್ಯಾರು ಕಲಸ್ತಾರ" ಎಂದರು.

ದಸರೆಯ ತನಕ ಸುಮ್ಮನೆ ಕುಳಿತಳು. ಆಮೇಲೆ ಯಾರಾದರೂ ಅವಳಿಗೆ ಖೋ ಕೊಟ್ಟರೆ, ಸಾಲಿನಲ್ಲಿ ಪಕ್ಕಕ್ಕೆ ಕೂರುವ ಆಯೇಶಾ ತಾನೂ ಎದ್ದು ಅವಳ ಜೊತೆ ಓಡುತ್ತಿದ್ದಳು.

ಇವತ್ತು ಕರೆತರಲು ಹೋದಾಗ ಶಿವಗಂಗಾ ಒಬ್ಬಳೇ ಓಡುತ್ತಿದ್ದಳು. ಆಯೇಶಾಳ ಹಿಂದೆ ಬಂದು ನಿಂತಳು. ಕೈ ಎತ್ತಿದಳು, ಇಳಿಸಿದಳು. ಯಾರೂ ಅವಸರ ಮಾಡಲಿಲ್ಲ. ಎದುರು ತಂಡದ ಹುಡುಗಿ ಕೂಡ ಓಡುವುದನ್ನು ಬಿಟ್ಟು ಕಾದಳು. ಆಮೇಲೆ ಇಡೀ ಅಂಗೈ ಬೆನ್ನಿಗೆ ಬಿತ್ತು. "ಖೋ!"

ಎಷ್ಟು ದೊಡ್ಡ ದನಿ ಅವ್ವಾ ಅವಳದು! ಥೇಟ್ ನಿನ್ನದೇ.

"ಆಂಟಿ, ನನ್ನ ಬೆನ್ನ ಚುರ್ ಅಂತು ನೋಡ್ರಿ!" ಎಂದು ಆಯೇಶಾ ನಕ್ಕಳು.

ನಮ್ಮೂರ ಇಜೇರಿ ಬಸ್ಸಿನ ಹೊತ್ತಾಗಿತ್ತು. "ಬಾ ಬೇ, ಮನಿಗಿ ಹೋಗಮು" ಎಂದು ಕೈ ಚಾಚಿದೆ.

"ಇನ್ನೊಂದ್ ಆಟ" ಎಂದವಳೇ ಸಾಲಿನತ್ತ ಓಡಿದಳು.

ಬಸ್ಸು ಗೇಟಿನ ಮುಂದೆಯೇ ಹಾದು ಹೋಯಿತು. ನಾನು ಅವಳನ್ನು ಮತ್ತೆ ಕರೆಯಲಿಲ್ಲ.