ಬಸುರಿಯ ಮೇಲೆ ವಿಮಾನದ ನೆರಳು

ಹೊಟ್ಟೆಯೊಳಗಿರುವ ನನ್ನ ಕೂಸೇ,

ಹೆಸರಿಡುವ ಮೊದಲೇ ನಿನಗೆ ಕಾಗದ ಬರೆಯುತ್ತಿದ್ದೇನೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೆ. ನಿನ್ನೆ ಊಟವಾದ ಮೇಲೆ ನೀನು ಒಂದು ಸಲವೂ ಒದ್ದಿಲ್ಲ. ಈಗ ಬೆಳಿಗ್ಗೆ ಎಂಟೂಕಾಲು. ಬೆಲ್ಲದ ನೀರು ಕುಡಿದೆ, ಎಡಕ್ಕೆ ಹೊರಳಿ ಮಲಗಿದೆ, ಡಾಕ್ಟರು ಹೇಳಿಕೊಟ್ಟ ಹಾಗೆ ನಿನ್ನ ಒದೆ ಎಣಿಸಲು ನೋಡಿದೆ. ಎಣಿಸಲು ಒಂದೂ ಸಿಗಲಿಲ್ಲ. ನಿನ್ನ ಅಪ್ಪ ಸುಭಾಷ್ ಬನವಾಸಿಯಿಂದ ಕಾರು ತರಲು ಹೋಗಿದ್ದಾರೆ. ಬಂದ ಕೂಡಲೇ ಶಿರಸಿಯ ಆಸ್ಪತ್ರೆಗೆ ಹೊರಡುತ್ತೇವೆ. ನಿನ್ನ ಅಜ್ಜಿಗೆ ಬರೀ ತಪಾಸಣೆ ಅಂತ ಹೇಳಿದ್ದೇವೆ. ಕಾರು ಬರುವವರೆಗೆ ನಿನ್ನ ಜೊತೆ ಜಗಳವಾಡುವುದೊಂದೇ ನನಗಿರುವ ಕೆಲಸ.

ಇಷ್ಟು ದಿನ ನನ್ನ ಜಗಳವೆಲ್ಲ ವಿಮಾನದ ಜೊತೆಗಿತ್ತು. ಎರಡು ವಾರದ ಹಿಂದೆ ಒಂದು ಪುಟ್ಟ ವಿಮಾನ ನಮ್ಮ ಅನಾನಸ್ ಹೊಲ ದಾಟಿ, ಮನೆಯ ನೀರಿನ ಟ್ಯಾಂಕಿಗೆ ತಾಗಿಯೇಬಿಡುತ್ತದೇನೋ ಅನ್ನುವಷ್ಟು ಕೆಳಗೆ ಬಂತು. ಹೋಯಿತು ಅಂದುಕೊಂಡರೆ ತಿರುಗಿ ಬಂತು. ಹೊಲ ಉಳುವವರ ಹಾಗೆ ಸಾಲು ಹಿಡಿದು ಅತ್ತಿಂದಿತ್ತ, ಬೆಳಗಿನ ಹೊತ್ತೆಲ್ಲ ಅದೇ ಕೆಲಸ. ನೆಲದೊಳಗೆ ಏನಿದೆ ಎಂದು ಮೇಲಿನಿಂದಲೇ ಅಳೆಯುತ್ತಾರಂತೆ. ಅಡುಗೆಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು, ನೀನು ಒಳಗಿನಿಂದ ದಬದಬ ಒದೆಯುತ್ತಿದ್ದೆ.

ನಿನ್ನ ಅಜ್ಜಿ ಪಾರ್ವತವ್ವನಿಗೆ ಸದ್ದಿನ ಚಿಂತೆಯಲ್ಲ, ನೆರಳಿನದು. ಗ್ರಹಣದ ಹೊತ್ತಿನಲ್ಲಿ ಬಸುರಿಯನ್ನು ಒಳಗೆ ಕೂರಿಸುವ ಪದ್ಧತಿಯನ್ನು ಆಕೆ ವಿಮಾನಕ್ಕೂ ಹಚ್ಚಿದಳು. "ಗ್ರಹಣ ವರ್ಷಕ್ಕ ಒಂದೆರಡು ಸಲ ಬರ್ತದ. ಈ ಹಾಳಾದ್ದು ದಿನಕ್ಕ ಹತ್ತು ಸಲ ಬರ್ತದ. ಒಳಗ ನಡಿ ಜ್ಯೋತಿ, ಈಳಿಗಿ ಕೆಳಗಿಡು, ಕೂಸಿಗೆ ಆಗಂಗಿಲ್ಲ!" ವಿಮಾನ ಬಂದಾಗಲೆಲ್ಲ ಹೆಚ್ಚುತ್ತಿದ್ದ ತರಕಾರಿ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ಬೀನ್ಸ್ ಪಲ್ಯ ಆಗುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ.

ನಾನೂ ಪೂರ್ತಿ ನಗಲಿಲ್ಲ. ನಿನಗಿಂತ ಮೊದಲು ಒಂದಿತ್ತು. ಆರನೇ ತಿಂಗಳಲ್ಲಿ ಒಂದು ದಿನ ಸುಮ್ಮನಾಯಿತು. ನಿದ್ದೆ ಮಾಡುತ್ತಿದೆ ಅಂದುಕೊಂಡು ನಾನು ಬಟ್ಟೆ ಒಗೆದೆ, ರೊಟ್ಟಿ ಬಡಿದೆ, ಆಸ್ಪತ್ರೆಗೆ ಹೋದದ್ದು ಮರುದಿನ. ಅವತ್ತೇ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರೂ ಹೇಳಲಿಲ್ಲ. ಆ ಒಂದು ದಿನಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದಕ್ಕೇ ಈ ಸಲ ಅರ್ಜಿ ಹಿಡಿದು ಅಲೆದೆವು. ಪಂಚಾಯಿತಿಯಲ್ಲಿ ಆಕಾಶ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಠಾಣೆಯಲ್ಲಿ ಗಾಡಿ ನಂಬರು ಕೇಳಿದರು. ನಿನ್ನ ಅಪ್ಪ ಟೆರೇಸಿನ ಮೇಲೆ ಅಂಗಾತ ಮಲಗಿ, ರೆಕ್ಕೆಯಡಿಯ ಅಕ್ಷರಗಳನ್ನು ಅಂಗೈ ಮೇಲೆ ಬರೆದುಕೊಂಡರು. ಕೊನೆಗೆ ಸರ್ವೆಯ ಸಾಹೇಬರೊಬ್ಬರ ಫೋನ್ ನಂಬರು ಸಿಕ್ಕಿತು. ಹೊಟ್ಟೆಯೊಳಗಿನ ಮಗು ಬೆಚ್ಚಿ ಬೀಳುತ್ತಿದೆ ಎಂದು ನಾನೇ ಗೋಗರೆದೆ. "ಎರಡು ದಿನ ನಿಮ್ಮ ಸಾಲು ಬಿಡಿಸ್ತೀನಮ್ಮ, ಪೂರ್ತಿ ಬಿಡೋಕಾಗಲ್ಲ" ಅಂದರು. ಪಾಪ, ಒಳ್ಳೆಯ ಮನುಷ್ಯ.

ಮೊನ್ನೆ ಬರಲಿಲ್ಲ, ನಿನ್ನೆಯೂ ಬರಲಿಲ್ಲ. ಗೆದ್ದೆವೆಂದು ಅಜ್ಜಿ ನಿನ್ನೆ ಗೋಧಿ ಹುಗ್ಗಿ ಮಾಡಿದಳು. ಉಣ್ಣುವಾಗ ನೀನು ಒಮ್ಮೆ ಹೊರಳಿದೆ. ಆಮೇಲೆ ಇಲ್ಲ. ವಿಮಾನ ಬಂದಾಗ ನೀನು ಬೆಚ್ಚುತ್ತಿದ್ದೆಯೋ, ಆಡುತ್ತಿದ್ದೆಯೋ? ನಿನ್ನ ಪರವಾಗಿ ಅರ್ಜಿ ಬರೆಯುವ ಮೊದಲು ನಿನ್ನನ್ನೊಂದು ಮಾತು

ತಾಳು. ಸದ್ದು ಕೇಳುತ್ತಿದೆ.

ಈಗ ಕಾರಿನಲ್ಲಿದ್ದೇನೆ, ಅಕ್ಷರ ಕುಣಿಯುತ್ತಿವೆ. ಸದ್ದು ಕೇಳಿದ್ದೇ ಅಂಗಳಕ್ಕೆ ಓಡಿದೆ. ಅಜ್ಜಿ ಹಿಂದೆಯೇ ಬಂದು ರಟ್ಟೆ ಹಿಡಿದೆಳೆದಳು. "ಅತ್ತಿ, ಬರಲಿ ಬಿಡ್ರಿ. ಕೂಸು ನಿನ್ನಿಯಿಂದ ಅಲುಗಿಲ್ಲ" ಅಂದುಬಿಟ್ಟೆ. ಆಕೆಯ ಕೈ ಸಡಿಲಾಯಿತು. ವಿಮಾನ ತಲೆಯ ಮೇಲೆ ಹಾದುಹೋಯಿತು, ನೆರಳು ನಮ್ಮಿಬ್ಬರ ಮೇಲೂ ಬಿತ್ತು. ನೀನು ಅಲುಗಲಿಲ್ಲ.

ಆಗ ನಿನ್ನ ಅಜ್ಜಿ ಸೆರಗು ಬಿಚ್ಚಿ ಆಕಾಶಕ್ಕೆ ಬೀಸುತ್ತಾ ಅನಾನಸ್ ಮುಳ್ಳಿನೊಳಗೇ ಓಡಿದಳು. "ಏ ಯಪ್ಪಾ, ತಿರುಗಿ ಬಾರೋ! ಇನ್ನಷ್ಟು ಕೆಳಗ ಬಾರೋ!" ಅದು ತನ್ನ ಸಾಲು ಹಿಡಿದು ತಿರುಗಿತು. ಆಕೆ ಓಡಿಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಪಾತ್ರೆಗಳು ಗಡಗಡ ಅಂದವು. ಅಷ್ಟರಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೆ ನೀನು ಒದ್ದೆ. ಒದೆ ತಿಂದದ್ದು ಅಜ್ಜಿಯ ಅಂಗೈ. ಆಕೆ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ಒಂದು ಒದೆಯನ್ನು ನಂಬಿ ಮನೆಯಲ್ಲಿ ಕೂರುವವಳಲ್ಲ ನಾನು, ಈ ಸಲ. ಶಿರಸಿಗೆ ಇನ್ನೂ ಅರ್ಧ ದಾರಿ ಇದೆ. ನಿನ್ನ ಎದೆಬಡಿತ ಸರಿಯಿದೆ ಅಂತ ಡಾಕ್ಟರ ಬಾಯಿಂದಲೇ ಕೇಳಬೇಕು. ಅಪ್ಪ ಕಾರು ಓಡಿಸುತ್ತಿದ್ದಾರೆ. ಕಾಲು ತುಂಬ ಮುಳ್ಳು ಗೀರಿದ ಅಜ್ಜಿ ಪಕ್ಕದಲ್ಲಿ ಬಾಗಿ, ನನ್ನ ಹೊಟ್ಟೆಗೆ ಬಾಯಿ ಹಚ್ಚಿ, ನಿಲ್ಲಿಸದೆ ವಿಮಾನದ ಸದ್ದು ಮಾಡುತ್ತಿದ್ದಾಳೆ.

ಒದಿ ಕೂಸೇ, ನೂರು ವರ್ಷ ಒದಿ.

ನಿನ್ನ ದಾರಿ ಕಾಯುತ್ತಿರುವ ಅವ್ವ,
ಜ್ಯೋತಿ