ಓದದೆ ಬಿಟ್ಟ ಸಾಲು

ಫೆಬ್ರವರಿ 11, ಮಂಗಳವಾರ

ನಾರಿನ ಮಿಲ್ಲಲ್ಲಿ ಎಂಟಕ್ಕೇ ಮಿಷನ್ ಶುರು. ನೆನೆಸಿದ ತೆಂಗಿನ ಮಟ್ಟೆ ಎತ್ತಿಕೊಡೋದು ನನ್ನ ಕೆಲಸ. ಮಿಷನ್ ಬಾಯಿಗೆ ಹಾಕೋದು ಈಗ ಕೆಂಚಯ್ಯ. ಮೂರು ತಿಂಗಳ ಹಿಂದೆ ಅಲ್ಲಿ ಹೊಂಬಾಳಮ್ಮ ಇದ್ದರು. ನಾರಿನ ಜೊತೆ ಬಲಗೈ ಒಳಗೆ ಹೋಯಿತು. ನಾಲ್ಕು ಬೆರಳು ಇಲ್ಲ.

ಇವತ್ತೂ ಮಟ್ಟೆ ಎತ್ತಿ ಎಡಕ್ಕೆ ಚಾಚಿದೆ, ಅವರು ನಿಲ್ಲುತ್ತಿದ್ದ ಕಡೆ. ಯಾರೋ ತಗೊಂಡ ಹಾಗಾಯಿತು. ಬಲಗಡೆಯಿಂದ ಕೆಂಚಯ್ಯ ನಕ್ಕರು. "ಯಾರಿಗೆ ಕೊಡ್ತಿದೀಯ ಇಂಪನಾ? ನಾನು ಈ ಕಡೆ ಇವ್ನಿ ಕಣವ್ವ."

ಮಟ್ಟೆ ನೆಲದ ಮೇಲಿತ್ತು.

ಫೆಬ್ರವರಿ 13, ಗುರುವಾರ

ಬಿಳಿಗೆರೆಗೆ, ಹೊಂಬಾಳಮ್ಮನ ಮನೆಗೆ ಹೋಗಿದ್ದೆ. ಮಿಲ್ಲಿನ ಯಜಮಾನರು ಆಸ್ಪತ್ರೆ ಖರ್ಚು ನಿಲ್ಲಿಸಿದ್ದಾರೆ. ಗಾಯ ಮಾಯುವವರೆಗೂ ಖರ್ಚು, ಆಮೇಲೆ ನಾರು ಒಣಗಿಸುವ ಕೆಲಸ — ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡ ಕರಾರಿನಲ್ಲಿ ಹಾಗಿದೆ. ನನಗೆ ಗೊತ್ತು. ಬರೆದವಳು ನಾನೇ.

"ಇಲ್ಲದ ಬೆರಳು ಕಡೀತವೆ ಕಣೇ. ಇಲ್ಲಿ ಕೆರಿ."

ಗಾಳಿ ತೋರಿಸಿದರು. ಗಾಳಿಯನ್ನೇ ಕೆರೆದೆ.

"ಇನ್ನೊಂಚೂರು ಕೆಳಕ್ಕೆ... ಹಾಂ." ಕಣ್ಣು ಮುಚ್ಚಿದರು. ಅವರಿಗೆ ಹಾಯಾಯಿತು. ನನಗೆ ಬೆವರು.

ಸೊಸೆ ಲಿಖಿತಾ ಕೋರ್ಟಿನ ಉಚಿತ ಕಾನೂನು ಸಹಾಯ ವಿಚಾರಿಸಿಕೊಂಡು ಬಂದಿದ್ದಾಳೆ. "ನೀನೂ ಬಾ. ಕಾಗದ ಬರೆದೋಳು ನೀನೇ ತಾನೆ?"

ಫೆಬ್ರವರಿ 17, ಸೋಮವಾರ

ತಿಪಟೂರು. ವಕೀಲೆ ಜೀವಿತಾ ಮೇಡಂ ಕಾಗದ ಎರಡು ಸಲ ಓದಿದರು. "ಖರ್ಚು ಕೊಡ್ತೀನಿ ಅಂತ ಬರೆದು ನಿಲ್ಲಿಸಿದ್ರೆ ಕರಾರು ಮುರಿದ ಹಾಗೆ. ಅದನ್ನೂ ಕೇಳೋಣ. 'ಮುಂದೆ ಪರಿಹಾರ ಕೇಳಲ್ಲ' ಅಂತ ಹೆಬ್ಬೆಟ್ಟು ಹಾಕಿದ್ದಕ್ಕೆ ಹೆದರಬೇಡಿ ಅಮ್ಮ. ಕೆಲಸದಲ್ಲಿ ಕೈ ಹೋದೋರ ಹಕ್ಕನ್ನ ಬರೆಸಿಕೊಂಡು ಕಿತ್ಕೊಳ್ಳೋಕೆ ಕಾನೂನು ಬಿಡಲ್ಲ."

ಲಿಖಿತಾ ಉಸಿರು ಬಿಟ್ಟಳು.

ಮೇಡಂ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಇದು ಕಷ್ಟ. 'ನಾನು ಮಿಲ್ಲಿನಲ್ಲಿ ಕೂಲಿಗೆ ಇರಲಿಲ್ಲ. ಮಟ್ಟೆ ಕೇಳಲು ಬಂದು ನಾನಾಗಿಯೇ ಕೈ ಹಾಕಿದೆ.' ಅಲ್ಲಿ ಹಾಜರಿ ಪುಸ್ತಕಾನೂ ಇಲ್ಲ ಅಂತೀರ. ಕೆಲಸದೋರೇ ಅಲ್ಲ ಅಂದ್ರೆ ಪರಿಹಾರ ಎಲ್ಲಿಂದ? ಓದಿಸಿ ಕೇಳಲಿಲ್ವಾ?"

"ಇವಳೇ ಓದಿದ್ಲಲ್ಲ," ಅಂದರು ಹೊಂಬಾಳಮ್ಮ. "ಸೂಜಿ ಮಂಪರು... ನಾನೇ ಮರ್ತಿರ್ಬೇಕು."

ಕಾಗದ ಮಡಚಿ ಲಿಖಿತಾಗೆ ಕೊಟ್ಟೆ.

ಅದೇ ದಿನ, ಸಂಜೆ

ಅವರು ಮರೆತಿಲ್ಲ. ನಾನು ಓದಲಿಲ್ಲ.

ಯಜಮಾನರು — ವೀರಭದ್ರಯ್ಯನವರು — ಅವತ್ತು ಆಸ್ಪತ್ರೆ ವಾರ್ಡಿನ ಹೊರಗೆ ನಿಂತು ಹೇಳಿ ಬರೆಸಿದರು. "ಕೂಲಿಗೇ ಇದ್ರಲ್ಲ?" ಅಂತ ಕೇಳಿದೆ. "ಕಾಗದದ ಭಾಷೆ ಹಂಗೇ ಕಣಮ್ಮ. ಮಿಲ್ಲಿಗೆ ಬೀಗ ಬಿದ್ರೆ ಹನ್ನೆರಡು ಮನೆ ಒಲೆ ಆರುತ್ತೆ. ಅದೊಂದನ್ನ ಓದಿ ಆವಮ್ಮನ್ನ ಗಾಬರಿ ಮಾಡ್ಬೇಡ."

ಆ ಸಾಲಿಗೆ ಬಂದಾಗ ಕಣ್ಣನ್ನು ಕೆಳಗಿನ ಸಾಲಿಗೆ ಇಳಿಸಿದೆ. ದನಿ ತಡವರಿಸಲೂ ಇಲ್ಲ. ಅವರ ಎಡಗೈ ಹೆಬ್ಬೆರಳು ಹಿಡಿದು ಒತ್ತಿಸಿದ್ದೂ ನಾನೇ. ಸುಡುತ್ತಿತ್ತು. ಜ್ವರ.

ಪಿಯುಸಿಯಲ್ಲಿ ಕಾಪಿ ಹೊಡೆದಿದ್ದನ್ನು ನಾನಾಗೇ ಎದ್ದು ಹೇಳಿ ಕಾಲೇಜು ಬಿಟ್ಟವಳು. ಬೇಕರಿ, ಮೊಬೈಲ್ ಅಂಗಡಿ — ಸುಳ್ಳು ಹೇಳು ಅಂದ ಕಡೆಯೆಲ್ಲ ಬಿಟ್ಟು ಬಂದೆ. ಇಲ್ಲಿ ಮಾತ್ರ...

ಮಾರ್ಚ್ 9, ಭಾನುವಾರ

ಇಪ್ಪತ್ತು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ನನ್ನ ಬೆರಳುಗಳ ಮಧ್ಯೆ ಇನ್ನೊಂದು ಬೆರಳು. ಬಿಸಿ. ನಡು ಮಧ್ಯಾಹ್ನ, ಎಲ್ಲರೂ ಸುತ್ತ ಇರುವಾಗಲೂ.

ಇವತ್ತು ಹೋಗಿ ಹೇಳಿದೆ. ಪೂರ್ತಿ. ಹೊಂಬಾಳಮ್ಮ ಎಡಗೈ ಒಂದರಲ್ಲೇ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೈ ನಿಲ್ಲಲಿಲ್ಲ.

"ನನ್ನ ತಲೇನೇ ಕೆಟ್ಟೋಯ್ತು ಅಂದ್ಕೊಂಡಿದ್ದೆ, ಇಷ್ಟು ದಿನ."

ಅಷ್ಟೇ. ಲಿಖಿತಾ ಬಿಡಲಿಲ್ಲ. "ಮನೆಗೆ ಬಂದು ಕಾಫಿ ಕುಡ್ಕೊಂಡು ಹೋಗ್ತಿದ್ಯಲ್ಲೇ! ಹೆಂಗೆ ಇಳೀತು ಗಂಟಲಲ್ಲಿ?"

ಇಳಿಯುತ್ತಿರಲಿಲ್ಲ.

ಮಾರ್ಚ್ 10, ಸೋಮವಾರ

ಸಾಕ್ಷಿ ಹೇಳ್ತೀನಿ ಅಂದೆ. "ನಿನ್ನ ಮೇಲೂ ತಪ್ಪು ಬರಬಹುದು," ಅಂದರು ಜೀವಿತಾ ಮೇಡಂ. ಬರಲಿ.

ಯಜಮಾನರಿಗೂ ನಾನೇ ಹೇಳಿದೆ. ಬೇರೆಯವರಿಂದ ಗೊತ್ತಾಗೋದು ಬೇಡ ಅನ್ನಿಸಿತು. "ಹರಿಶ್ಚಂದ್ರನ ಮೊಮ್ಮಗಳು ಬಂದವಳೆ ನೋಡ್ರೋ," ಅಂದರು ಎಲ್ಲರ ಮುಂದೆ. ಯಾರೂ ನಗಲಿಲ್ಲ. ಕೆಂಚಯ್ಯ ಮಿಷನ್ ಕಡೆ ತಿರುಗಿಕೊಂಡರು. "ನಡಿಯಮ್ಮ, ನಾಳೆಯಿಂದ ಬರ್ಬೇಡ."

ಹೊರಟು ಬಂದೆ.

ಆಗಸ್ಟ್ 21, ಗುರುವಾರ. 11.40

ಕೋರ್ಟು. ನನ್ನ ಸರದಿ ಬರುವವರೆಗೆ ಒಳಗೆ ಕೂರೋ ಹಾಗಿಲ್ಲ. ಬಾಗಿಲ ಪಕ್ಕದ ಬೆಂಚು. ಒಳಗೆ ಹೊಂಬಾಳಮ್ಮ. ಮಾರ್ಚಿಂದ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಬೆಳಿಗ್ಗೆ ಎದುರಿಗೇ ಹಾದುಹೋದರು. ದನಿ ಕೇಳಿಸುತ್ತಿದೆ.

ಯಜಮಾನರ ವಕೀಲರು: "ಕಾಗದ ಓದಿ ಹೇಳಿದ್ದು ಯಾರಮ್ಮ?"

"ನಮ್ಮ ಮಿಲ್ಲಿನ ಹುಡುಗಿ. ನನ್ನ ಜೊತೆ ಕೂಲಿಗಿದ್ದೋಳು."

"ಪೂರ್ತಿ ಓದಿದಳು ತಾನೆ?"

"ಅವಳನ್ನೇ ಕೇಳಿ ಸ್ವಾಮಿ. ಅವಳು ಹೇಳ್ತಾಳೆ."

ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದರು. ಎರಡನೇ ಸಲ. ಎದ್ದೆ, ಇನ್ನು ಒಳಗೆ ಹೋಗಿ ಆ ಸಾಲು ಓದಬೇಕು.