ಮೂರೂಮುಕ್ಕಾಲು ಪಾಲಿನ ಕೇಕು

ರಾಸ್ಕಾಫ್, ಬ್ರಿಟನಿ
ಮಾರ್ಚ್ ೮, ಶನಿವಾರ

ಪ್ರೀತಿಯ ಮಗ ರಿವಾಲ್‌ಗೆ,

ಹೇಗಿದ್ದೀಯಪ್ಪಾ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಊಟ ಬಿಟ್ಟು ಬರೀ ಕಾಫಿ ಕುಡಿಯಬೇಡ. ನಿಮ್ಮಪ್ಪ ಮಂಡಿನೋವಿಗೆ ಗೊಣಗಿಕೊಂಡು ಎಂದಿನಂತೆ ಚೆನ್ನಾಗಿದ್ದಾರೆ. ನಾನೂ ಗಟ್ಟಿಯಾಗಿದ್ದೇನೆ.

ಈಗ ನಿನ್ನ ಮಗಳ ವಿಷಯ. ಹುಟ್ಟುಹಬ್ಬ ಹತ್ತಿರ ಬಂದಾಗ ಅಜೆನೋರ್ ನನ್ನ ಏಪ್ರನ್ನಿಗೆ ಅಂಟಿಕೊಂಡಂತೆ ನಿಂತು, "ಅಜ್ಜೀ, ಈ ವರ್ಷ ಕೇಕ್ ಬೇಡ. ನೀವೆಲ್ಲಾ ತಿಂತೀರ, ನಾನು ಬಾಳೆಹಣ್ಣು ತಿಂತಾ ಕೂತಿರ್ತೀನಿ" ಅಂದಳು. ಹಾಲು, ಬೆಣ್ಣೆ ಸೋಕಿದರೆ ಉಸಿರು ಕಟ್ಟುವ ಮಗು. ನಮ್ಮದೋ ಬೆಣ್ಣೆಯಲ್ಲೇ ಮುಳುಗೆದ್ದ ಮನೆ. ನಿನ್ನ ಹೆಂಡತಿ ಮಗಾಲಿ ಮಾತ್ರ ಕಣ್ಣೀರು ಹಾಕುತ್ತ ಕೂರಲಿಲ್ಲ. ಬೆಣ್ಣೆಯ ಜಿಡ್ಡು ಸೋಕದ ಹೊಸ ಅಚ್ಚು, ಹೊಸ ಸೌಟು ತಂದಳು. ದಕ್ಷಿಣದ ತವರಿನಿಂದ ಬಂದ ಆಲಿವ್ ಎಣ್ಣೆಯ ಡಬ್ಬ ಮೇಜಿನ ಮೇಲಿಟ್ಟು, "ಅತ್ತೇ, ನಿಮ್ಮ ನಾಲ್ಕು ಪಾಲಿನ ಕೇಕನ್ನೇ ಇದ್ರಲ್ಲಿ ಮಾಡೋಣ" ಅಂದಳು.

ನಿಮ್ಮಪ್ಪ ಕೇಳಬೇಕಲ್ಲ! "ಹಿಟ್ಟು, ಸಕ್ಕರೆ, ಮೊಟ್ಟೆ, ಬೆಣ್ಣೆ, ನಾಲ್ಕೂ ಸಮತೂಕ. ಎಣ್ಣೆ ಹಾಕಿದ್ರೆ ಅದು ಕೇಕಲ್ಲ, ಮೀನು ಹುರಿಯೋ ಬಾಣಲೆ!" ಮೊದಲ ಸಲ ನಾವು ಬೆಣ್ಣೆಯಷ್ಟೇ ಎಣ್ಣೆ ತೂಗಿ ಹಾಕಿದೆವು. ತಳದಲ್ಲೆಲ್ಲ ಎಣ್ಣೆ ಜಿನುಗಿತು. "ದೋಣಿಯ ರಾಟೆಗೆ ಹಚ್ಚೋಕೆ ಆಗುತ್ತೆ" ಅಂದರು ನಿಮ್ಮಪ್ಪ. ಮಗಾಲಿ ಬೇಸರಿಸಿಕೊಳ್ಳದೆ ನಕ್ಕಳು. "ಬೆಣ್ಣೇಲಿ ಒಂದಿಷ್ಟು ನೀರಿರುತ್ತೆ ಅತ್ತೇ, ಎಣ್ಣೇಲಿ ಇಲ್ಲ. ಮುಕ್ಕಾಲು ಪಾಲು ಸಾಕು" ಅಂದಳು. ಬೆಣ್ಣೆ, ಸಕ್ಕರೆ ಸೇರಿಸಿ ತಿಕ್ಕಿದರೆ ಗಾಳಿ ಹಿಡಿದುಕೊಳ್ಳುತ್ತದೆ, ಎಣ್ಣೆ ಹಿಡಿಯುವುದಿಲ್ಲ. ಅದಕ್ಕೆ ಮೊಟ್ಟೆ, ಸಕ್ಕರೆಯನ್ನೇ ಬೆಳ್ಳಗೆ ನೊರೆ ಬರುವವರೆಗೆ ಕಡೆದು, ಆಮೇಲೆ ಎಣ್ಣೆಯನ್ನು ಎಳೆಯಾಗಿ ಸುರಿದಳು. ನಾನಾಗಿದ್ದರೆ ರಟ್ಟೆ ಬಿದ್ದುಹೋಗುತ್ತಿತ್ತು.

ಕೇಕು ಮೆತ್ತಗೆ ಉಬ್ಬಿತು, ಆದರೆ ರುಚಿ ಸಪ್ಪೆ. ಯಾರದೋ ಮನೆಯ ಕೇಕಿನ ಹಾಗೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ, ಮುಟ್ಟುವುದೇ ಇಲ್ಲ ಎಂದು ಆಣೆಯಿಟ್ಟಿದ್ದ ನಿಮ್ಮಪ್ಪನ ಮೀಸೆಯ ಮೇಲೆ ಕೇಕಿನ ಪುಡಿ ಕಂಡಿತು. "ಲೇ ಸ್ವಾಜಿಗ್, ಉಪ್ಪೆಲ್ಲೇ?" ಎಂದು ಕೂಗಿದರು. ನಮ್ಮ ಬೆಣ್ಣೆಯಲ್ಲೇ ಉಪ್ಪಿರುತ್ತದಲ್ಲ, ನಾನು ಜನ್ಮದಲ್ಲಿ ಕೇಕಿಗೆ ಕೈಯಾರೆ ಉಪ್ಪು ಹಾಕಿದವಳಲ್ಲ. ಮಗಾಲಿಯ ತವರಲ್ಲಿ ಉಪ್ಪು ಬೆಣ್ಣೆಯೇ ಇಲ್ಲ, ಅವಳಿಗೂ ಹೊಳೆದಿರಲಿಲ್ಲ.

ಉಪ್ಪು ಬಿದ್ದ ಮೇಲೆ ಅದು ನಮ್ಮ ಮನೆಯ ಕೇಕಾಯಿತು. ಹುಟ್ಟುಹಬ್ಬದ ದಿನ ಅಜೆನೋರ್ ದೀಪ ಊದಿ, "ಇದು ನನಗೂನಾ?" ಎಂದು ಅಮ್ಮನನ್ನು ಎರಡೆರಡು ಸಲ ಕೇಳಿ ಬಾಯಿಗಿಟ್ಟಳು. ಆಮೇಲೆ ತಿಂದಿದ್ದೇ ತಿಂದಿದ್ದು. ಮರುದಿನ ಈ ಚಳಿಯಲ್ಲೂ ಅದು ಗಟ್ಟಿಯಾಗಿರಲಿಲ್ಲ. ನನ್ನ ಬೆಣ್ಣೆಯ ಕೇಕಿಗೆ ಆ ಭಾಗ್ಯವಿಲ್ಲ. ನಿಮ್ಮಪ್ಪ ಅದಕ್ಕೆ ಮೂರೂಮುಕ್ಕಾಲು ಪಾಲಿನ ಕೇಕು ಎಂದು ಹೆಸರಿಟ್ಟಿದ್ದಾರೆ. ಎಂಥ ಹುಡುಗಿಯನ್ನು ತಂದೆಯೋ ಮಗನೇ! ಅವಳ ತಾಳ್ಮೆಗೆ, ಆ ಜಾಣ ಕೈಗೆ ನಾನು ಸೋತೆ.

ಸಮುದ್ರ ನಿನ್ನನ್ನು ಸುಖವಾಗಿ ಮನೆ ಮುಟ್ಟಿಸಲಿ.

ನಿನ್ನ ಅಮ್ಮ,
ಸ್ವಾಜಿಗ್

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮುಂದಿನ ವಾರ ನಿಮ್ಮಪ್ಪನ ಹುಟ್ಟುಹಬ್ಬ. ನಾನು ಬೆಣ್ಣೆ ತೆಗೆದಿಟ್ಟಿದ್ದು ನೋಡಿ ರೇಗಿದರು: "ಅದನ್ನ ಒಳಗಿಡು. ಮಗಾಲಿಗೆ ಹೇಳು, ಎಣ್ಣೇದೇ ಮಾಡ್ಲಿ. ನಾನು ಕೇಕ್ ತಿನ್ನೋವಾಗ ಆ ಮಗು ಬಾಳೆಹಣ್ಣು ತಿಂತಾ ಕೂತಿರ್ಬೇಕಾ?"